ಹತ್ತಿರದ ವಿಮಾನ ನಿಲ್ದಾಣ

ಲಾಂಚಿಗೆ ಕಾಯುವ ಕೋಣೆ, ಕಿಟಕಿಯ ಗಾಜಿಗೆ ಉಪ್ಪುನೀರಿನ ಬಿಳಿ ಕಲೆ, ತೋಳಿನಿಂದ ಒರೆಸಿದರೆ ಇನ್ನಷ್ಟು ಮಬ್ಬು, ಆಚೆ ದಡದ ಆ ಬೂದು ಕಟ್ಟಡವೇ ಆಸ್ಪತ್ರೆ, ಒಳಗೆ ಅಕ್ಕ, ಕೂಗಿದರೆ ಕೇಳಿಸೀತು ಅನ್ನುವಷ್ಟು ಹತ್ತಿರ, ಆದರೆ ನಾನು ಯಾವತ್ತು ಕೂಗಿದವಳು, ಸೂಜಿ ಚುಚ್ಚಿದ್ರೂ ಬಾಯಿ ಬಿಡಲ್ಲ ಈ ಹುಡುಗಿ, ಅನ್ನುತ್ತಾರೆ ನಮ್ಮ ಟೈಲರ್ ಮಾಸ್ತರು — ಲಾಂಚಿನ ಟಿಕೆಟ್ಟಿನವನು ಅಂಗೈಯಲ್ಲೇ ಅಲೆ ಎಬ್ಬಿಸಿ ತೋರಿಸಿದ, ಆಮೇಲೆ ಕೈ ಆಡಿಸಿದ, ಗಾಳಿ ಇಳಿಯುವವರೆಗೆ ಇಲ್ಲ. ಮೊನ್ನೆ ಅಕ್ಕ ಫೋನಿನಲ್ಲಿ, ಉಸಿರು ಎಳೆದೆಳೆದು, ಬಾರೇ ಗುಬ್ಬಿ, ನಿಮ್ ಭಾವನ ಕೈಲಿ ಜಡೆ ಹಾಕಿಸ್ಕೊಂಡು ಸಾಕಾಯ್ತು, ಜಡೆ ಅಲ್ಲ ಕಣೇ ಅದು, ಹಗ್ಗ ಹೊಸೀತಾರೆ, ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಭಾವ ಫೋನು ತಗೊಂಡು, ಯಾವ ದಾರಿ ಆದ್ರೂ ಸರಿ, ಬೇಗ ಹೊರಡಮ್ಮ, ಡಾಕ್ಟ್ರು ಜಾಸ್ತಿ ದಿನ ಹೇಳ್ತಿಲ್ಲ. ದಾರಿ ಎರಡಿತ್ತು. ದೊಡ್ಡ ವಿಮಾನ ನಿಲ್ದಾಣ ದೂರ, ಇಳಿದು ರೈಲು, ನಡುವೆ ಇನ್ನೊಂದು ರೈಲು, ಭಾಷೆ ಬಾರದ ಊರಲ್ಲಿ ಯಾರನ್ನಾದರೂ ಕೇಳಬೇಕು, ಅಲ್ಲೇ ನನ್ನ ನಾಲಿಗೆ ಒಣಗುವುದು, ಚಿಕ್ಕದಾದರೆ ನಕಾಶೆಯಲ್ಲಿ ಆಸ್ಪತ್ರೆಯಿಂದ ಒಂದು ಬೆರಳು, ನಡುವೆ ನೀಲಿ, ನೀಲಿಯ ಮೇಲೆ ಬಿಟ್ಟು ಬಿಟ್ಟು ಎಳೆದ ಗೆರೆ, ಶಾಲೆ ಬಿಟ್ಟ ಮೇಲೆ ನಾನು ಕಂಡ ಅಂಥ ಗೆರೆ ಕಚ್ಚಾ ಹೊಲಿಗೆಯೊಂದೇ, ಎರಡು ತುಂಡು ಕೂಡಿಸುವುದು, ಹಾಗಾದರೆ ಸೇತುವೆ, ಇನ್ನೇನು. ದೊಡ್ಡದಕ್ಕೆ ಬುಕ್ ಮಾಡ್ಲಾ, ಚಿಕ್ಕದಕ್ಕಾ, ಬೇಗ ಹೇಳು ತಾಯಿ, ಹಿಂದೆ ಜನ ಇದಾರೆ, ಅಂದಳು ಟ್ರಾವೆಲ್ಸಿನವಳು, ನಾನು ಬೆರಳಿಟ್ಟು ತೋರಿಸಿದೆ, ಮಾತಿಲ್ಲದೆ ಮುಗಿಯಿತಲ್ಲ ಎಂದು ಹಗುರಾಗಿ ಹೊರಬಂದೆ, ಇಲ್ಲಿ ಬಸ್ಸಿಳಿದರೆ ಸೇತುವೆಯಿಲ್ಲ, ಆ ಗೆರೆ ಲಾಂಚಿನ ದಾರಿಯಂತೆ, ರಸ್ತೆ ನೀರಿನವರೆಗೆ ಬಂದು ನಿಂತುಬಿಟ್ಟಿದೆ.

ಕಟ್ಟೆಗೆ ಬಿಗಿದ ಲಾಂಚು ಕಟ್ಟೆಯಂಚಿಗೆ ನೇತುಹಾಕಿದ ಟೈರಿಗೆ ಬಂದು ತಾಗುತ್ತದೆ, ಹಿಂದೆ ಸರಿಯುತ್ತದೆ, ಸಂದಿಯಲ್ಲಿ ಕಪ್ಪು ನೀರು, ಮತ್ತೆ ತಾಗುತ್ತದೆ — ಅದನ್ನೇ ಎಷ್ಟು ನೋಡಲಿ, ಸುತ್ತು ದಾರಿ ಇದ್ದೀತು, ಅಗೋ ಟ್ಯಾಕ್ಸಿ, ಚಾಲಕ ಬ್ರೆಡ್ಡು ತಿನ್ನುತ್ತಿದ್ದಾನೆ, ತಿಂದು ಮುಗಿಸಲಿ, ಮುಗಿಸಿದ, ಬಾಯಿ ಒರೆಸಿಕೊಂಡ, ಏಳುತ್ತೇನೆ, ಕೂರುತ್ತೇನೆ, ಅವನ ಭಾಷೆಯ ಒಂದು ಮಾತೂ ಬಾರದು, ಅಕ್ಕನ ತಲೆ ಸಿಕ್ಕುಗಟ್ಟಿರುತ್ತದೆ, ಎದ್ದೆ, ಹೊರಗೋಡಿ ಟ್ಯಾಕ್ಸಿಯ ಗಾಜು ಬಡಿದೆ, ಆಸ್ಪತ್ರೆ, ಆಸ್ಪತ್ರೆ, ನಮ್ಮಕ್ಕ, ಅಷ್ಟು ಜೋರು ದನಿ ನನ್ನದೇ, ಆಚೆ ದಡಕ್ಕೆ ಕೈ ಮಾಡಿ ಗಾಳಿಯಲ್ಲಿ ದೊಡ್ಡ ಸುತ್ತು ಬರೆದೆ, ಅವನು ನನ್ನ ಮುಖ ನೋಡಿ ತಕ್ಷಣ ಬಾಗಿಲು ತೆರೆದ, ಇಷ್ಟೇನಾ ಕೇಳುವುದು ಅಂದರೆ, ಇಷ್ಟಕ್ಕೇನಾ ನಾನು ಹೆದರಿದ್ದು. ಫೋನು. ಎಲ್ಲಿದೀಯಮ್ಮ. ಎದುರುಗಡೆನೇ ಇದೀನಿ ಭಾವ, ಆಸ್ಪತ್ರೆ ಕಾಣಿಸ್ತಿದೆ, ಬಂದೇಬಿಟ್ಟೆ, ಟ್ಯಾಕ್ಸಿ ಸಿಕ್ತು, ಅಕ್ಕಂಗೆ ಹೇಳಿ, ಜಡೆ ನಾನೇ — ಭಾವನ ಕಡೆ ಯಾರೋ ಕುರ್ಚಿ ಎಳೆದ ಸದ್ದು, ಆಮೇಲೆ, ನಿಧಾನವಾಗಿ ಬಾ ಪುಟ್ಟಿ, ಇನ್ನೇನು ಅವಸರ ಇಲ್ಲ. ಬಾಗಿಲು ತೆರೆದೇ ಇದೆ, ಚಾಲಕ ಏನೋ ಕೇಳುತ್ತಿದ್ದಾನೆ, ನಾನು ನೋಡುತ್ತಿರುವುದು ಲಾಂಚನ್ನು, ಟೈರಿಗೆ ತಾಗುತ್ತದೆ, ಸರಿಯುತ್ತದೆ, ಸಂದಿಯಲ್ಲಿ ಕಪ್ಪು ನೀರು, ತಾಗುತ್ತದೆ, ಸರಿಯುತ್ತದೆ, ಕಪ್ಪು ನೀರು