ಕರಡಿಯ ತಲೆ

ತಿಥಿಗೆ ಬಂದ ನೆಂಟರೆಲ್ಲ ಹೊರಟುಹೋಗಿ, ಇಬ್ಬರಿಗಷ್ಟೇ ದೋಸೆ ಹುಯ್ದ ಮೊದಲ ಬೆಳಿಗ್ಗೆ. ಅತ್ತೆ ಹೂವಮ್ಮ ಮೂಲೆಯತ್ತ ಕೈ ತೋರಿಸಿ, "ಅದನ್ನ ಕೊಟ್ಟು ಬಾ ಮಾರಾಯ್ತಿ. ನನ್ನನ್ನೇ ನೋಡ್ತಾ ಕೂತಿರತ್ತೆ" ಎಂದರು.

ಮೂಲೆಯಲ್ಲಿದ್ದದ್ದು ಕರಡಿಯ ವೇಷ. ಧನ್ಯಶ್ರೀಯ ಗಂಡ ತೀರ್ಥೇಶ ಮಕ್ಕಳ ಹುಟ್ಟುಹಬ್ಬಗಳಲ್ಲಿ ಅದನ್ನು ತೊಟ್ಟು ಕುಣಿಯುತ್ತಿದ್ದ. ಅದು, ಅವನನ್ನು ಕೆಲಸಕ್ಕೆ ಕರೆಯುತ್ತಿದ್ದ ಸಾಗರದ ಸುಷ್ಮಾಳ ಅಂಗಡಿಯದು. ಮುಂದಿನ ಕಾರ್ಯಕ್ರಮಕ್ಕೆಂದು ತಂದಿಟ್ಟವನು ಅದಕ್ಕೆ ಮೊದಲೇ ಬೈಕಿನಿಂದ ಬಿದ್ದು ಸತ್ತ.

ಧನ್ಯಶ್ರೀ ಇನ್ನೂ ಅತ್ತಿರಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಹಳೆಯ ಸಿಟ್ಟೊಂದು ಕೂತಿತ್ತು. ಯುಗಾದಿಯ ಮಾರನೇ ದಿನ, ಆರು ತಿಂಗಳ ಗರ್ಭ ಕಳೆದುಕೊಂಡು ಅವಳು ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಗಂಡ "ಒಪ್ಕಂಡುಬಿಟ್ಟಿದೀನಿ" ಎಂದು ಹೊಸನಗರಕ್ಕೆ ಕುಣಿಯಲು ಹೋಗಿದ್ದ. ಆಮೇಲೂ ಅವನ ಕಣ್ಣಲ್ಲಿ ಒಂದು ಹನಿ ಕಂಡಿರಲಿಲ್ಲ.

ಬಸ್ಸಿನಲ್ಲಿ ಕರಡಿಯ ತಲೆ ಚೀಲಕ್ಕೆ ಹಿಡಿಸದೆ ಅವಳ ತೊಡೆಯ ಮೇಲೆ ಕೂತಿತು.

"ಇವರಿಗೆ ಫುಲ್ಲಾ, ಹಾಫಾ ಅಕ್ಕಾ?" ಎಂದ ಕಂಡಕ್ಟರ್. ಹಿಂದಿನ ಸೀಟಿನವರು ನಕ್ಕರು.

"ಒಂದೇ ಕೊಡಿ."

ಅಂಗಡಿಯಲ್ಲಿ ಸುಷ್ಮಾ ಬಲೂನು ಕಟ್ಟುವುದನ್ನು ಬಿಟ್ಟು ನೀರು ತಂದುಕೊಟ್ಟಳು. "ಪಾಪದ ಹುಡುಗ. ತಲೆ ಹಾಕ್ಕಂಡ ಮೇಲೆ ಮಾತಾಡಬಾರ್ದು, ಮಕ್ಕಳೆದುರು ತೆಗೀಬಾರ್ದು ಅಂತ ನಮ್ಮ ರೂಲ್ಸು. ಒಂದಿನಾನೂ ಮೀರಲಿಲ್ಲ. ಕೆಲಸ ಕೆಡಿಸಿದ್ದು ಒಂದೇ ಸಲ, ಹೊಸನಗರದಲ್ಲಿ."

"ಯಾವಾಗ?"

"ಯುಗಾದಿ ಮಾರನೇ ದಿನ. ಕುಣೀತಾ ಕುಣೀತಾ ಕೂತೇಬಿಟ್ಟ. ಹುಡುಗ್ರು ತೊಡೆ ಹತ್ತಿ ಕಿವಿ ಎಳೆದ್ರೂ ಏಳಲಿಲ್ಲ. ಎಲ್ಲ ಊಟಕ್ಕೆ ಹೋದಮೇಲೆ ರೂಮಿಗೆ ಕರ್ಕಂಡು ಹೋಗಿ ತಲೆ ತೆಗೆಸಿದೆ. ಕಣ್ಣು ಊದಿ, ಕುತ್ತಿಗೆವರೆಗೂ ನೀರು. ಏನೋ ಇದು ಅಂದ್ರೆ, ಸೆಕೆ ಅಕ್ಕ ಅಂದ. ಸೆಕೆಗೆ ಯಾರಾದ್ರೂ ಬಿಕ್ಕಳಿಸ್ತಾರಾ? ಕುಡ್ದಿದೀಯೇನೋ ಅಂತ ಬೈದೆ. ಸುಮ್ನೆ ಬೈಸ್ಕಂಡ." ಅವಳು ದನಿ ತಗ್ಗಿಸಿದಳು. "ಬೇಜಾರು ಮಾಡ್ಕಂಡು ಮನೇಲಿ ಏನಾದ್ರೂ ಅಂದಿದ್ನಾ?"

"ಇಲ್ಲ. ಮನೇಲಿ ಏನೂ ಹೇಳಲಿಲ್ಲ."

ಮರುದಿನ ಆ ವೇಷವನ್ನು ಬೇರೆಯವರು ಹಾಕಿಕೊಳ್ಳಬೇಕಿತ್ತು. ಸುಷ್ಮಾ ಒದ್ದೆ ಬಟ್ಟೆ ತಂದಳು. ಧನ್ಯಶ್ರೀ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಸ್ಟೂಲಿನ ಮೇಲೆ ಕೂತು, ಕರಡಿಯ ಕಿವಿ, ಮೂಗು, ಪ್ಲಾಸ್ಟಿಕ್ಕಿನ ಕಣ್ಣುಗಳನ್ನು ಒಂದೊಂದಾಗಿ ಒರೆಸಿದಳು. ಬಟ್ಟೆಗೆ ದಾರಿಯ ಕೆಂಪು ಧೂಳು ಹತ್ತಿತು. ತಲೆಯನ್ನು ಮಗುಚಿ ಹಿಡಿದಳು. ಒಳಗೆ, ನೋಡಲು ಬಿಟ್ಟ ಎರಡು ತೂತುಗಳ ಕೆಳಗೆ, ಸ್ಪಂಜು ನೀರಿಳಿದು ಒಣಗಿ ಕಪ್ಪಾಗಿ ಗಟ್ಟಿಯಾಗಿತ್ತು.

ಅಲ್ಲಿಗೆ ಅವಳು ಬಟ್ಟೆ ಸೋಕಿಸಲಿಲ್ಲ. ಎದ್ದು, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸುಷ್ಮಾಳಿಗೆ ಕೊಟ್ಟಳು.