ಗೋಡೆಗೊರಗಿದವರ ಆರಾಧನೆ

ವಾರ್ನಿಶ್ ವಾಸನೆ, ಹೊಸ ಬೆಂಚುಗಳದ್ದು, ಮೂಗಿಗಡರಿ ಕಣ್ಣು ಎಳೆಯುತ್ತಿದೆ — ಮುಚ್ಚಬೇಡ ಕಣ್ಣೇ, ಕಡೆಯ ಕೀರ್ತನೆಯೂ ಮುಗಿಯಿತು, ಇನ್ನು ಸಭೆಯೊಂದೇ, ಬೆನ್ನು ಗೋಡೆಗೆ ಕೊಟ್ಟು ನಿಂತಿರು, ಕೂತರೆ ಕೆಟ್ಟೆ, ಕೂತ ಕ್ಷಣವೇ ಗೊರಕೆ, ರಾತ್ರಿಯಿಡೀ ಆಸ್ಪತ್ರೆಯ ಹಾಸುಬಟ್ಟೆ ಒಗೆದು ಹಿಂಡಿ ಸೀದಾ ಇಲ್ಲಿಗೆ ಬಂದ ಮೈಗೆ ಪ್ರಸಂಗವೂ ಒಂದೇ ಜೋಗುಳವೂ ಒಂದೇ, ಕರ್ತನೇ ಕ್ಷಮಿಸು, ನಿನಗೆ ಗೊತ್ತು, ಚರ್ಚಿನ ಹಿರಿಯರಿಗೆ ಗೊತ್ತಿರಲಿಲ್ಲ. ಅವರು ಪೀಠದಿಂದ ನೋಡಿದರು, ಲಾಂಡ್ರಿಯ ಹೆಂಗಸರು ಪ್ರತಿ ಭಾನುವಾರ ಹಿಂದೆ ನಿಂತೇ ಇರ್ತಾರೆ, ಅಯ್ಯೋ ಪಾಪ, ಜಾಗ ಸಾಲದು, ಬೆಂಚು ಮಾಡಿಸೋಣ — ಕೇಳಿದರೇ? ಕೇಳದೆ ಏನು, ಎಲ್ಲರೆದುರೇ ಕೇಳಿದರು, ಕೊರತೆ ಇರೋರು ಎದ್ದು ನಿಲ್ಲಿ ಅಂತ, ನಿಂತೋರಿಗೇ ನಿಲ್ಲು ಅಂದ್ರೆ ಇನ್ನೆಲ್ಲಿ ನಿಲ್ಲೋದೇ, ಚಾವಣಿ ಮೇಲಾ, ಪಕ್ಕದ ಇಸ್ತ್ರಿಯವಳು ಕಿವಿಯಲ್ಲಿ ಊದಿದಳು, ನಕ್ಕೆವು, ನೋಡಿ ಎಷ್ಟು ಸಂತೋಷವಾಗಿದ್ದಾರೆ ಎಂದರು ಹಿರಿಯರು! ಅಳೆಯುವವನ ಕಣ್ಣು ಪೀಠದ ಎತ್ತರದಲ್ಲಿದ್ದರೆ ನಿಂತವಳ ಕಾಲು ಹೇಗೆ ಕಂಡೀತು — ಕಂಡದ್ದು ಹೊಸ ಪಾದ್ರಿಯಮ್ಮನಿಗೆ, ಪ್ರಸಂಗ ಬೇರೆಯವರಿಗೆ ವಹಿಸಿ ಬಂದು ನನ್ನ ಪಕ್ಕ ನಿಂತರು, ಏನೂ ಕೇಳಲಿಲ್ಲ, ಮುಂದಿನ ಭಾನುವಾರವೂ ನಿಂತರು, ಕೊನೆಗೆ ಒಂದು ಪಾದ ಮೆಲ್ಲಗೆ ಚಪ್ಪಲಿಯಿಂದ ಹೊರಗೆಳೆದು, ಅಕ್ಕಾ, ನಂಗೆ ಕಾಲು ನೋಯ್ತಾ ಇದೆ, ನೀವು ಹೇಗೆ ನಿಲ್ತೀರಿ, ಕೂತ್ಕೋಬಾರದಾ — ಕೂತ್ರೆ ನಿದ್ದೆ ಹತ್ತುತ್ತಮ್ಮಾ, ರಾತ್ರಿ ಪಾಳಿ. ಅಷ್ಟೇ. ಅಷ್ಟಕ್ಕೇ ಅವರ ಕಣ್ಣು ತುಂಬಿತು, ನನ್ನದೂ, ಕೇಳಲು ಒಬ್ಬರಾದರೂ ಕೆಳಗಿಳಿದು ಬಂದರಲ್ಲ, ಈ ಋಣ ಯಾವ ಜನ್ಮಕ್ಕೆ ತೀರೀತು. ಸಭೇಲಿ ನಿಮ್ಮ ಮಾತು ನಾನು ಆಡಲ್ಲ ಅಕ್ಕಾ, ನೀವೇ ಆಡಿ, ಪಕ್ಕದಲ್ಲೇ ಇರ್ತೀನಿ. ಇದ್ದಾರೆ, ಮೊಣಕೈ ತಾಗುತ್ತಿದೆ, ಅಲ್ಲಿ ದೊಡ್ಡ ಹಿರಿಯರು ಇನ್ನೊಂದು ಸಾಲು ಬೆಂಚು ಎನ್ನುತ್ತಿದ್ದಾರೆ, ಈಗ ಬಾಯಿ ಬಿಡದಿದ್ದರೆ ಭಾನುವಾರಗಳೆಲ್ಲ ಹೀಗೇ, ದೇವರ ಮುಂದೆ ತೂಕಡಿಸುತ್ತಲೇ ಮಣ್ಣು ಸೇರಬೇಕು — ನಮಗೆ ಬೆಂಚು ಬೇಡ ಅಯ್ಯಾ, ಇದು ನನ್ನ ದನಿಯೇ, ನನ್ನದೇ, ನಿದ್ದೆ ಮುಗಿಸಿ ಬರೋಕೆ ಸಂಜೆ ಆರಾಧನೆ ಬೇಕು. ಸಂಜೆನಾ? ನಿಮ್ಮೊಂದು ಸಾಲಿಗೆ ಇನ್ನೊಂದು ಆರಾಧನೆನಾ ತಾಯಿ? ಸರಿ, ಬೇಕಾದೋರು ಕೈ ಎತ್ತಿ, ನೋಡೇಬಿಡೋಣ. ಗೋಡೆಯುದ್ದಕ್ಕೂ ಎದ್ದವು, ಒಗೆಯೋ ಸೋಡಾ ತಿಂದು ಬಿರಿದ ನಮ್ಮ ಕೈಗಳು, ಮತ್ತೆ — ಅಗೋ, ಮೊದಲ ಬೆಂಚಿನಲ್ಲಿ ಒಂದು ಕೈ, ಬಿಳಿ ಸಮವಸ್ತ್ರದ ತೋಳಿನ ಕೈ, ದೊಡ್ಡ ಹಿರಿಯರ ಸೊಸೆಯದು, ನಮ್ಮದೇ ಆಸ್ಪತ್ರೆಯ ರಾತ್ರಿ ದಾದಿ, ಹಿರಿಯರ ಮನೆಯವಳಲ್ಲವೇ, ಗೋಡೆಗೆ ಒರಗುವಂತಿಲ್ಲ, ಕೂರಲೇಬೇಕು, ಕೂತೂ ಎಚ್ಚರವಿರಬೇಕು. ನೀನೂನಾ ಮಗಳೇ, ಒಂದೇ ಮನೇಲಿದ್ದು ಹೇಳಲಿಲ್ಲವಲ್ಲ — ನೀವು ಕೇಳಲಿಲ್ಲ ಮಾವ. ಸ್ತೋತ್ರ ಕರ್ತನೇ, ಸ್ತೋತ್ರ, ಹಿರಿಯರು, ಇವತ್ತಿಂದಲೇ ಸಂಜೆನೂ ಬಾಗಿಲು ತೆಗೀರಪ್ಪಾ ಎಂದರು, ಯಾರೋ ನಕ್ಕರು, ಯಾರೋ ಅತ್ತರು, ನಮ್ಮ ಕೈಗಳೆಲ್ಲ ಇಳಿದವು, ಆ ಕೈ ಇಳಿಯುತ್ತಿಲ್ಲ, ಸಾಕು ತಾಯಿ, ಸಿಕ್ಕಿತು, ಇಳಿಸು, ಇಳಿಯುತ್ತಿಲ್ಲ, ಎಷ್ಟು ಭಾನುವಾರ ಮಡಿಲಲ್ಲೇ ಬಿಗಿಹಿಡಿದು ಕೂತದ್ದೋ, ಬಿಳಿ ತೋಳಿನ ಆ ಕೈ —