ಹೆಲ್ಮೆಟ್ ತೆಗೆಯದ ಅಶ್ವಥ್

ಕೂಟಗಲ್‌ನ ಬೈರಮ್ಮನವರ ರೇಷ್ಮೆ ಹುಳು ಮನೆಗೆ ಮಗ ಅಶ್ವಥ್ ಕಾಲಿಡದೆ ಆರು ತಿಂಗಳಾಗಿತ್ತು. ಹಿಂದೊಂದು ಬೆಳೆಯಲ್ಲಿ, ಕುಡಿದ ಅಮಲಿನಲ್ಲಿ, ಔಷಧಿ ಹೊಡೆದಿದ್ದ ಪಕ್ಕದ ತೋಟದ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹುಳುಗಳಿಗೆ ಹಾಕಿಬಿಟ್ಟಿದ್ದ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳೆಲ್ಲ ಸತ್ತುಹೋದವು.

"ಇನ್ಮ್ಯಾಕೆ ನೀನು ಸೊಪ್ಪೂ ಮುಟ್ಬ್ಯಾಡ, ಒಳೀಕೂ ಬರ್ಬ್ಯಾಡ" ಎಂದಿದ್ದರು ಬೈರಮ್ಮ.

ಅಶ್ವಥ್‌ಗೆ ಇಪ್ಪತ್ನಾಲ್ಕು ವರ್ಷ. ಕುಡಿತ ಬಿಡುತ್ತೇನೆಂದು ಎರಡು ಸಲ ದೇವರ ಮುಂದೆ ಆಣೆ ಮಾಡಿದ್ದ. ಎರಡೂ ಸಲ ಒಂದು ವಾರವೂ ದಾಟಲಿಲ್ಲ. ಅಮ್ಮ ಮತ್ತೆ ಒಳಗೆ ಕರೆಯುತ್ತಾರೆ ಎಂಬ ಆಸೆಯೂ ಬತ್ತುತ್ತಿತ್ತು.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗೆಳೆಯ ಮನು ಒಂದು ದಿನ ಹೇಳಿದ: "ಲೇ, ಕುಡ್ತ ಬುಟ್ಟೋರು, ಬುಡ್ಬೇಕು ಅನ್ನೋರು ವಾರಕ್ಕೊಂದ್ಸಲ ಸೇರ್ತಾರೆ. ಹೋಗ್ ನೋಡ್ಲಾ."

"ಮುದುಕ್ರು ಕೂತ್ಕೊಂಡು ಅಳೋ ಸಭೆಗಾ? ಯಾರಾದ್ರೂ ನೋಡ್ಬುಟ್ರೆ ಮಾನ ಹೋಯ್ತದೆ ಕಣ್ಲಾ."

"ಬಸ್‌ಸ್ಟಾಂಡಲ್ಲಿ ಕುಡ್ದು ಬಿದ್ದಿದ್ದಾಗ ಊರೇ ನೋಡ್ತಲ್ಲ, ಆವಾಗ ಎಲ್ಲೋಗಿತ್ಲಾ ಮಾನ?"

ಅಶ್ವಥ್ ಹೋಗಲು ಒಪ್ಪಿದ. ಆದರೂ ಹತ್ತಿರದ ರಾಮನಗರ ಬೇಡ, ಗುರುತಿನವರಿರುತ್ತಾರೆ ಎಂದು ಕನಕಪುರದ ಗುಂಪಿಗೆ ಹೋದ. ಅಲ್ಲಿ ಹೆಲ್ಮೆಟ್ ಕೂಡ ತೆಗೆಯದೆ ಹಿಂದಿನ ಕುರ್ಚಿಯಲ್ಲಿ ಕುಳಿತ. ಬೆವರು ಕತ್ತಿಗೆ ಇಳಿಯುತ್ತಿದ್ದರೂ ಪುಣ್ಯಾತ್ಮ ಜಪ್ಪಯ್ಯ ಅನ್ನಲಿಲ್ಲ. ಯಾರೂ ನಗಲಿಲ್ಲ, ಹೆಸರೂ ಕೇಳಲಿಲ್ಲ. ಒಬ್ಬರು ಟೀ ಕೊಟ್ಟರು.

ಕೋಡಿಹಳ್ಳಿಯ ಯೋಗಾನಂದ ಮಾತಾಡಲು ಎದ್ದ. ಅವನಿಗೂ ಅಶ್ವಥ್‌ನದೇ ವಯಸ್ಸು.

"ಮೂರ್ ತಿಂಗ್ಳು ಬುಟ್ಟಿದ್ದೆ. ಹೋದ್ವಾರ ಮದ್ವೆ ಮನೇಲಿ ಕುಡ್ದ್‌ಬುಟ್ಟೆ. ಬುಟ್ಟು ಇವತ್ತಿಗೆ ಮತ್ತೆ ನಾಕ್ ದಿನ ಆಯ್ತು."

ಯಾರೂ ಬೈಯಲಿಲ್ಲ. "ವಾಪಸ್ ಬಂದ್ಯಲ್ಲಪ್ಪ, ಒಳ್ಳೇದಾಯ್ತು" ಎಂದರು ಹಿರಿಯರೊಬ್ಬರು.

ಅಶ್ವಥ್ ತಲೆಯೆತ್ತಿ ಯೋಗಾನಂದನನ್ನು ನೋಡಿದ. ಲೋಕದಲ್ಲಿ ತಾನೊಬ್ಬನೇ ಕೈಲಾಗದವನು ಎಂದುಕೊಂಡಿದ್ದ ಇಷ್ಟು ದಿನ. ಹೆಲ್ಮೆಟ್ ತೆಗೆದು ಕಾಲ ಬಳಿ ಇಟ್ಟ. ಆರಿಹೋಗಿದ್ದ ಟೀ ಕುಡಿದ.

ಆಮೇಲೆ ವಾರ ತಪ್ಪಿಸಲಿಲ್ಲ. ನಡುವೆ ಒಮ್ಮೆ ಜಾರಿದ. ಮಾರನೇ ದಿನವೇ ಯೋಗಾನಂದನಿಗೆ ಫೋನ್ ಮಾಡಿ ಹೇಳಿಕೊಂಡ, ಮತ್ತೆ ಹೋದ. ಬೈರಮ್ಮ ಎಲ್ಲವನ್ನೂ ನೋಡುತ್ತಿದ್ದರು.

ನಾಲ್ಕು ತಿಂಗಳ ಮೇಲೆ ಒಂದು ಬೆಳಗ್ಗೆ, ಹುಳುಗಳು ಪೊರೆ ಬಿಟ್ಟು ಹಸಿದಿದ್ದವು. ಬೈರಮ್ಮ ಬಾಗಿಲಿಗೆ ಬಂದು ಮಗನ ಮುಖ ನೋಡಿದರು.

"ಒಬ್ಳೇ ಎಷ್ಟೂಂತ ಸೊಪ್ಪಾಕ್ಲಪ್ಪ? ಕೈಕಾಲ್ ತೊಳ್ಕೊಂಡ್ ಒಳೀಕ್ ಬಾ."

ಅಶ್ವಥ್ ಎರಡೆರಡು ಸಲ ಕೈ ತೊಳೆದುಕೊಂಡ.

ಮನೆಯವರೇ, ಜಾರಿದವರು ಎದ್ದು ಬಂದರೆ ಬೈದು ಕಳಿಸಬೇಡಿ. ತಮ್ಮಂದಿರೇ, ತಂಗಿಯರೇ, ದಿನವೂ ಕುಡಿಯುತ್ತಿದ್ದವರು ದಿಢೀರನೆ ಬಿಟ್ಟರೆ ಮೈನಡುಕ, ಫಿಟ್ಸ್ ಬರಬಹುದು. ಮೊದಲು ವೈದ್ಯರನ್ನು ಕಾಣಿ. ಗುಂಪು ಎಲ್ಲಿ ಸೇರುತ್ತದೆಂದು ಅವರನ್ನೇ ಕೇಳಿ. ನಾಚಿಕೆಯಾದರೆ ಹೆಲ್ಮೆಟ್ ಹಾಕಿಕೊಂಡೇ ಹೋಗಿ. ಆದರೆ ಹೋಗಿ.